ಓದುಗರ ಪ್ರಶ್ನೆ: ಸ್ಪ್ಯಾನಿಷ್‌ನಲ್ಲಿ ‘ಹಿಡಿಸಿತು’, ‘ಮಜಾ ಬಂತು’ ಅನ್ನುವುದು ಹೇಗೆ?

ಸಿನಿಮಾ ಹಿಡಿಸಿತು, ಊಟ ರುಚಿಯಾಗಿತ್ತು, ಭಾನುವಾರ ಚೆನ್ನಾಗಿ ಕಳೆಯಿತು. ಹೊಸ ಭಾಷೆಯಲ್ಲಿ ಯಾರ ಜೊತೆಗಾದರೂ ಎರಡು ನಿಮಿಷ ಮಾತಾಡಬೇಕೆಂದರೆ ಇಂಥ ಮಾತುಗಳೇ ಮೊದಲು ಬೇಕಾಗುತ್ತವೆ. ಸ್ಪ್ಯಾನಿಷ್ ಕಲಿಯುತ್ತಿರುವ ಓದುಗರು ಈ ಬಗ್ಗೆ ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಮೊದಲು ಬರವಣಿಗೆಯ ಬಗ್ಗೆ ಒಂದಿಷ್ಟು. ಇಲ್ಲಿ ಸ್ಪ್ಯಾನಿಷ್ ಪದಗಳಲ್ಲಿ ಒತ್ತು ಬೀಳುವ ಸ್ವರವನ್ನು ಮಾತ್ರ ದೀರ್ಘವಾಗಿ ಬರೆದಿದ್ದೇವೆ, ಉಳಿದದ್ದೆಲ್ಲ ಹ್ರಸ್ವ. ‘ಗೂಸ್ತ’ ಎಂದಿದ್ದರೆ ಒತ್ತು ‘ಗೂ’ ಮೇಲೆ. ಕೊನೆಯ ‘ತ’ವನ್ನು ಎಳೆಯಬಾರದು, ನುಂಗಲೂಬಾರದು. ತ, ದ ಎರಡೂ ನಮ್ಮ ತ, ದ ಹಾಗೆಯೇ ಹಲ್ಲಿಗೆ ತಾಗುವ ಧ್ವನಿಗಳು. ಇಂಗ್ಲಿಷಿನ ಅಭ್ಯಾಸದಿಂದ ಟ, ಡ ಮಾಡಬೇಡಿ. ಬರವಣಿಗೆಯಲ್ಲಿ ‘ವಿ’ ಅಕ್ಷರ ಕಂಡಲ್ಲೂ ಉಚ್ಚಾರ ಬ. ಎರಡು ಸ್ವರಗಳ ನಡುವೆ ಬಂದಾಗ ಅದು ತುಟಿ ಪೂರ್ತಿ ಮುಚ್ಚದ ಮೆದು ಬ. ‘ರ್ರ’ ಎಂದಿರುವಲ್ಲಿ ನಾಲಿಗೆಯ ತುದಿ ಎರಡು ಮೂರು ಸಲ ಕಂಪಿಸಬೇಕು.

ಪ್ರಶ್ನೆ: ಎರಡು ತಿಂಗಳಿಂದ ಆನ್‌ಲೈನ್ ತರಗತಿಯಲ್ಲಿ ಕಲಿಯುತ್ತಿದ್ದೇನೆ. ‘ನನಗೆ ಮಾವಿನಹಣ್ಣು ಇಷ್ಟ’ ಎನ್ನಲು ‘ಯೋ ಗೂಸ್ತೊ ಮಾಂಗೊ’ ಎಂದರೆ ಪ್ರತಿ ಸಲವೂ ತಪ್ಪು ಎನ್ನುತ್ತಾರೆ. ‘ಯೋ’ ಎಂದರೆ ನಾನು ತಾನೇ? ತಪ್ಪು ಎಲ್ಲಿದೆ? – ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ನೀವು ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಸ್ಪ್ಯಾನಿಷ್‌ಗೆ ಬರುತ್ತಿದ್ದೀರಿ. ದಾರಿ ತಪ್ಪುತ್ತಿರುವುದು ಆ ನಡುವಿನ ನಿಲ್ದಾಣದಲ್ಲಿ. ಇಂಗ್ಲಿಷಿನ ‘ಐ ಲೈಕ್’ನಲ್ಲಿ ಕರ್ತೃ ‘ನಾನು’. ಸ್ಪ್ಯಾನಿಷ್‌ನಲ್ಲಿ ಹಾಗಿಲ್ಲ, ಕನ್ನಡದಲ್ಲೂ ಹಾಗಿಲ್ಲ. ‘ಹಿಡಿಸು’ ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳಿ. ‘ನಾನು ಮಾವಿನಹಣ್ಣು ಹಿಡಿಸುತ್ತೇನೆ’ ಎಂದು ನಾವು ಯಾರೂ ಹೇಳುವುದಿಲ್ಲ. ‘ನನಗೆ ಮಾವಿನಹಣ್ಣು ಹಿಡಿಸುತ್ತದೆ’ ಎನ್ನುತ್ತೇವೆ. ಹಿಡಿಸುವುದು ಹಣ್ಣು, ನಮಗೆ ಚತುರ್ಥಿ ವಿಭಕ್ತಿ. ಸ್ಪ್ಯಾನಿಷ್ ವಾಕ್ಯದ ಕಟ್ಟು ಇದೇ:

ಮೆ ಗೂಸ್ತ ಎಲ್ ಮಾಂಗೊ. ಮೆ – ನನಗೆ, ಗೂಸ್ತ – ಹಿಡಿಸುತ್ತದೆ, ಎಲ್ ಮಾಂಗೊ – ಮಾವಿನಹಣ್ಣು.

ವಸ್ತು ಬಹುವಚನವಾದರೆ ಕನ್ನಡದಲ್ಲಿ ‘ಹಿಡಿಸುತ್ತವೆ’, ಅಲ್ಲಿ ‘ಗೂಸ್ತನ್’: ಮೆ ಗೂಸ್ತನ್ ಲೊಸ್ ಮಾಂಗೊಸ್. ಕನ್ನಡಿಗರು ಇಲ್ಲೇ ಹೆಚ್ಚಾಗಿ ಎಡವುತ್ತಾರೆ. ದಿನದ ಮಾತಿನಲ್ಲಿ ನಾವು ‘ಇಷ್ಟ’ ಎನ್ನುವುದೇ ಜಾಸ್ತಿ, ಆ ಪದ ವಚನಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಹಾಗಾಗಿ ‘ಗೂಸ್ತನ್’ನ ಕೊನೆಯ ‘ನ್’ ಬಿದ್ದುಹೋಗುತ್ತದೆ. ಸ್ಪ್ಯಾನಿಷ್ ಮಾತಾಡುವಾಗ ಮನಸ್ಸಿನಲ್ಲಿ ‘ಇಷ್ಟ’ವನ್ನು ಬದಿಗಿಟ್ಟು ‘ಹಿಡಿಸುತ್ತದೆ, ಹಿಡಿಸುತ್ತವೆ’ ಎಂದುಕೊಳ್ಳಿ. ಏಕವಚನ ಬಹುವಚನ ತಾನಾಗಿ ಸರಿಹೋಗುತ್ತದೆ.

ಯಾರಿಗೆ ಎನ್ನುವುದಕ್ಕೆ ಬೇಕಾದ ಪದಗಳು ಇಷ್ಟೇ: ನನಗೆ – ಮೆ, ನಿನಗೆ – ತೆ, ಅವನಿಗೆ ಅಥವಾ ಅವಳಿಗೆ – ಲೆ, ನಮಗೆ – ನೊಸ್, ಅವರಿಗೆ – ಲೆಸ್. ಒಬ್ಬರನ್ನೇ ಗೌರವದಿಂದ ‘ನಿಮಗೆ’ ಎನ್ನುವುದಾದರೂ ‘ಲೆ’. ನೀನು, ನೀವು ವ್ಯತ್ಯಾಸ ಅಲ್ಲೂ ಇದೆ (ತೂ, ಉಸ್ತೇದ್), ಅದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸ್ಪೇನ್‌ನಲ್ಲಿ ಸಲಿಗೆಯ ಹಲವರಿಗೆ ‘ಒಸ್’ ಎಂಬ ಇನ್ನೊಂದು ರೂಪ ಉಂಟು. ಲ್ಯಾಟಿನ್ ಅಮೆರಿಕದಲ್ಲಿ ಅದನ್ನು ಬಳಸುವುದಿಲ್ಲ.

ಕನ್ನಡ ಕೈಕೊಡುವ ಜಾಗಗಳೂ ಇವೆ. ಒಂದು, ಇಂಗ್ಲಿಷಿನ ‘ದಿ’ ಹಾಗೆ ನಾಮಪದದ ಮುಂದೆ ಬರುವ ‘ಎಲ್, ಲ, ಲೊಸ್, ಲಸ್’ ಎಂಬ ಗುರುತುಪದಗಳು. ನಮ್ಮಲ್ಲಿ ಅವು ಇಲ್ಲವೇ ಇಲ್ಲ, ಹಾಗಾಗಿ ‘ಮೆ ಗೂಸ್ತ ಮಾಂಗೊ’ ಎಂದುಬಿಡುತ್ತೇವೆ. ಅದು ತಪ್ಪು, ‘ಎಲ್’ ಬೇಕೇ ಬೇಕು. ಇನ್ನೊಂದು, ವ್ಯಕ್ತಿಯನ್ನು ಹೆಸರಿಸಿದಾಗ ಚತುರ್ಥಿ ಎರಡು ಸಲ ಬರುತ್ತದೆ. ‘ಅಮ್ಮನಿಗೆ ಕಾಫಿ ಹಿಡಿಸುತ್ತದೆ’ ಎನ್ನಲು ‘ಅ ಮಿ ಮಾದ್ರೆ ಲೆ ಗೂಸ್ತ ಎಲ್ ಕಫೇ’. ‘ಅ ಮಿ ಮಾದ್ರೆ’ ಎಂದಮೇಲೂ ‘ಲೆ’ ಉಳಿಯಬೇಕು. ‘ಅಮ್ಮನಿಗೆ, ಅವಳಿಗೆ, ಹಿಡಿಸುತ್ತದೆ’ ಎಂದ ಹಾಗೆ. ನಮ್ಮ ಕಿವಿಗೆ ಇದು ಪುನರುಕ್ತಿ ಅನ್ನಿಸಿದರೂ ಬಿಡುವಂತಿಲ್ಲ.

ಕೆಲಸದ ಬಗ್ಗೆ ಹೇಳುವಾಗ ಕ್ರಿಯಾಪದದ ಮೂಲರೂಪ ಸಾಕು: ಮೆ ಗೂಸ್ತ ಕಂತಾರ್ ಇ ಬೈಲಾರ್. ಹಾಡುವುದು, ಕುಣಿಯುವುದು ಎರಡಿದ್ದರೂ ‘ಗೂಸ್ತ’ ಏಕವಚನದಲ್ಲೇ ನಿಲ್ಲುತ್ತದೆ. ‘ಹಾಡುವುದು ಕುಣಿಯುವುದು ಹಿಡಿಸುತ್ತದೆ’ ಎನ್ನುವಾಗ ನಾವೂ ಹಾಗೆಯೇ ಮಾಡುತ್ತೇವಲ್ಲ.

ಎಷ್ಟು ಇಷ್ಟ ಎನ್ನುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಹೀಗೆ ಏರಿಸಬಹುದು: ನೋ ಮೆ ಗೂಸ್ತ ನಾದ (ಒಂಚೂರೂ ಹಿಡಿಸುವುದಿಲ್ಲ), ನೋ ಮೆ ಗೂಸ್ತ ಮೂಚೊ (ಅಷ್ಟೇನೂ ಹಿಡಿಸುವುದಿಲ್ಲ), ಮೆ ಗೂಸ್ತ, ಮೆ ಗೂಸ್ತ ಮೂಚೊ (ತುಂಬ ಹಿಡಿಸುತ್ತದೆ), ಎಲ್ಲಕ್ಕಿಂತ ಮೇಲೆ ಮೆ ಎಂಕಾಂತ (ಪ್ರಾಣ). ಈ ಕೊನೆಯದಕ್ಕೆ ‘ಮೂಚೊ’ ಸೇರಿಸಬಾರದು, ಆ ಪದದೊಳಗೇ ‘ತುಂಬ’ ಇದೆ.

ಇದೇ ಕಟ್ಟು ಬೇರೆ ಕಡೆಯೂ ಕೈಹಿಡಿಯುತ್ತದೆ. ಮೆ ಪರೇಸೆ – ನನಗೆ ಅನ್ನಿಸುತ್ತದೆ. ಮೆ ಇಂತೆರೇಸ – ನನಗೆ ಆಸಕ್ತಿ ಹುಟ್ಟಿಸುತ್ತದೆ. ಮೆ ದ್ವೇಲೆ ಲ ಕಬೇಸ – ನನಗೆ ತಲೆ ನೋಯುತ್ತದೆ. ಪದಕ್ಕೆ ಪದ ಕನ್ನಡವೇ.

ಪ್ರಶ್ನೆ: ಯಾರಾದರೂ ‘ಮೆ ಗೂಸ್ತ’ ಎಂದಾಗ ‘ನನಗೂ’ ಎನ್ನಲು ‘ಯೋ ತಂಬ್ಯೇನ್’ ಸಾಕೇ? – ಹಾಸನದ ಓದುಗರು

ಸಾಲದು. ‘ಯೋ ತಂಬ್ಯೇನ್’ ಎಂದರೆ ‘ನಾನೂ’. ನಿಮಗೆ ಬೇಕಾದದ್ದು ‘ಅ ಮೀ ತಂಬ್ಯೇನ್’, ‘ನನಗೂ’. ಎದುರಿನವರು ಬಳಸಿದ ವಾಕ್ಯ ‘ನನಗೆ’ಯಿಂದ ಶುರುವಾಗಿದ್ದರೆ ಉತ್ತರವೂ ‘ನನಗೂ’, ‘ನಾನು’ ಇಂದ ಶುರುವಾಗಿದ್ದರೆ ‘ನಾನೂ’. ಕನ್ನಡದಲ್ಲಿ ಯೋಚಿಸಿದರೆ ಎಂದೂ ತಪ್ಪುವುದಿಲ್ಲ.

‘ನೋ ಮೆ ಗೂಸ್ತ’ ಎಂದವರಿಗೆ ‘ನನಗೂ ಇಲ್ಲ’ ಎನ್ನಲು ‘ಅ ಮೀ ತಂಪೋಕೊ’. ಅವರಿಗೆ ಹಿಡಿಸದ್ದು ನಿಮಗೆ ಹಿಡಿಸಿದರೆ ‘ಅ ಮೀ ಸೀ’, ಅವರಿಗೆ ಹಿಡಿಸಿದ್ದು ನಿಮಗೆ ಹಿಡಿಸದಿದ್ದರೆ ‘ಅ ಮೀ ನೋ’. ಈ ನಾಲ್ಕು ಚುಟುಕು ಉತ್ತರಗಳು ಬಾಯಲ್ಲಿ ನಿಂತರೆ ಸಂಭಾಷಣೆ ನಿಮ್ಮ ಸರದಿಗೆ ಬಂದಾಗ ನಿಂತುಹೋಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿದ್ದು ಸ್ಪೇನ್‌ನ ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ ನನ್ನದು. ಸೋಮವಾರ ವಾರಾಂತ್ಯ ಹೇಗಿತ್ತು ಎಂದು ಕೇಳುತ್ತಾರೆ. ‘ತುಬೀಮೊಸ್ ಬ್ವೇನ್ ತ್ಯೇಂಪೊ’ ಎಂದೆ, ಅವರು ಮಳೆಯ ಬಗ್ಗೆ ಮಾತಾಡತೊಡಗಿದರು. ಪುಸ್ತಕದಲ್ಲಿ ಪಸಾರ್ಲೊ ಬ್ಯೇನ್, ದಿಬೆರ್ತೀರ್ಸೆ, ದಿಸ್ಫ್ರುತಾರ್ ಎಂದು ಮೂರು ಇವೆ. ಯಾವುದನ್ನು ಎಲ್ಲಿ ಬಳಸಬೇಕು?

ಗ್ರಾಹಕರು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದಾರೆ. ‘ತ್ಯೇಂಪೊ’ಗೆ ಸಮಯ ಎಂಬ ಅರ್ಥವೂ ಇದೆ, ಹವೆ ಎಂಬ ಅರ್ಥವೂ ಇದೆ. ನೀವು ಹೇಳಿದ ವಾಕ್ಯ ಅವರ ಕಿವಿಗೆ ಬಿದ್ದದ್ದು ‘ನಮ್ಮಲ್ಲಿ ಹವೆ ಚೆನ್ನಾಗಿತ್ತು’ ಎಂದು. ಇಂಗ್ಲಿಷಿನ ‘ಗುಡ್ ಟೈಮ್’ ಅನ್ನು ಹಾಗೆಯೇ ಎತ್ತಿ ಇಟ್ಟಾಗ ಆಗುವ ಯಡವಟ್ಟು ಇದು.

ಮೂರರಲ್ಲಿ ಒಂದನ್ನೇ ಕಲಿಯುವುದಾದರೆ ‘ಪಸಾರ್ಲೊ ಬ್ಯೇನ್’ ಕಲಿಯಿರಿ. ‘ಪಸಾರ್’ ಎಂದರೆ ಕಳೆಯುವುದು, ‘ಬ್ಯೇನ್’ ಎಂದರೆ ಚೆನ್ನಾಗಿ. ನಡುವಿನ ‘ಲೊ’ ಯಾವ ವಸ್ತುವನ್ನೂ ಸೂಚಿಸುವುದಿಲ್ಲ, ಆದರೆ ಅದನ್ನು ಬಿಟ್ಟು ‘ಪಸೇ ಬ್ಯೇನ್’ ಎಂದರೆ ಮಾತು ಅರ್ಧಕ್ಕೇ ನಿಂತ ಹಾಗೆ ಕೇಳಿಸುತ್ತದೆ. ಕಳೆದುಹೋದ ಕಾಲಕ್ಕೆ ರೂಪಗಳು ಹೀಗೆ: ಲೊ ಪಸೇ ಬ್ಯೇನ್ (ನಾನು), ಲೊ ಪಸಾಸ್ತೆ ಬ್ಯೇನ್ (ನೀನು), ಲೊ ಪಸೋ ಬ್ಯೇನ್ (ಅವನು, ಅವಳು, ಗೌರವದ ನೀವು), ಲೊ ಪಸಾಮೊಸ್ ಬ್ಯೇನ್ (ನಾವು), ಲೊ ಪಸಾರೊನ್ ಬ್ಯೇನ್ (ಅವರು). ಸ್ಪೇನ್‌ನವರು ಮುಂದೆ ‘ಮೆ’ ಹಚ್ಚಿ ‘ಮೆ ಲೊ ಪಸೇ ಮುಯ್ ಬ್ಯೇನ್’ ಎನ್ನುವುದೂ ಬಹಳ ಸಾಮಾನ್ಯ. ಲ್ಯಾಟಿನ್ ಅಮೆರಿಕದ ಬಹುತೇಕ ಕಡೆ ‘ಲೊ’ ಬದಲು ‘ಲ’: ಲ ಪಸಾಮೊಸ್ ಬ್ಯೇನ್. ಎರಡೂ ಸರಿ. ಕೇಳುವವರು ಎಲ್ಲಿಯವರೋ ಅಲ್ಲಿಯದನ್ನು ಹಿಡಿಯಿರಿ. ನಿಮ್ಮ ಕೆಲಸಕ್ಕೆ ‘ಲೊ’.

ಬರಿಯ ‘ಬ್ಯೇನ್’ ಸಪ್ಪೆ ಅನ್ನಿಸಿದರೆ ‘ಮುಯ್ ಬ್ಯೇನ್’, ಇನ್ನೂ ಮೇಲಕ್ಕೆ ‘ಹೆನ್ಯಾಲ್’ ಅಥವಾ ‘ದೆ ಮರಬೀಯ’. ಸ್ಪೇನ್‌ನಲ್ಲಿ ಸ್ನೇಹಿತರ ನಡುವೆ ‘ಲೊ ಪಸಾಮೊಸ್ ಬೋಂಬ’ ಕೂಡ ಕೇಳಿಬರುತ್ತದೆ, ಗ್ರಾಹಕರ ಜೊತೆ ಬೇಡ. ಚೆನ್ನಾಗಿರಲಿಲ್ಲ ಎನ್ನಲು ‘ಲೊ ಪಸೇ ಮಾಲ್’.

ಸೋಮವಾರದ ಮಾತುಕತೆ ಹೀಗೆ ಸಾಗಬಹುದು. ಅವರು: ಕೇ ತಾಲ್ ಎಲ್ ಫೀನ್ ದೆ ಸೆಮಾನ? (ವಾರಾಂತ್ಯ ಹೇಗಿತ್ತು?) ನೀವು: ಮುಯ್ ಬ್ಯೇನ್, ಗ್ರಾಸ್ಯಸ್. ಲೊ ಪಸೇ ಹೆನ್ಯಾಲ್. ಇ ಉಸ್ತೇದ್? ಶುಕ್ರವಾರ ಸಂಜೆ ಫೋನ್ ಇಡುವಾಗ ‘ಕೆ ಲೊ ಪಾಸೆ ಬ್ಯೇನ್’ ಎಂದರೆ ‘ಚೆನ್ನಾಗಿ ಕಳೆಯಿರಿ’ ಎಂಬ ಹಾರೈಕೆ. ಸಲಿಗೆಯವರಿಗೆ ‘ಕೆ ಲೊ ಪಾಸೆಸ್ ಬ್ಯೇನ್’.

ದಿಬೆರ್ತೀರ್ಸೆ ನಗು, ಆಟ, ಗಲಾಟೆ ಇರುವ ಖುಷಿಗೆ. ಮೆ ದಿಬೆರ್ತೀ – ಮಜಾ ಮಾಡಿದೆ. ಇಲ್ಲಿನ ‘ಮೆ’ ನೋಡಿ ಮೋಸಹೋಗಬೇಡಿ. ಇದು ‘ನನಗೆ’ ಅಲ್ಲ, ಕನ್ನಡದ ‘-ಕೊಳ್ಳು’ ಮಾಡುವ ಕೆಲಸವನ್ನು ಮಾಡುತ್ತಿದೆ: ರಂಜಿಸು, ರಂಜಿಸಿಕೊಳ್ಳು. ಆದ್ದರಿಂದ ಕ್ರಿಯಾಪದ ‘ನಾನು’ಗೆ ಹೊಂದುತ್ತದೆ, ವಸ್ತುವಿಗಲ್ಲ. ‘ಮೆ’ ಬಿಟ್ಟು ‘ದಿಬ್ಯೇರ್ತೊ’ ಎಂದರೆ ಬೇರೆಯವರನ್ನು ರಂಜಿಸುತ್ತೇನೆ ಎಂದಾಗುತ್ತದೆ. ದಿಬ್ಯೇರ್ತೊ ಅ ಲೊಸ್ ನೀನ್ಯೊಸ್ – ಮಕ್ಕಳನ್ನು ನಗಿಸುತ್ತೇನೆ. ವರ್ತಮಾನದಲ್ಲಿ ಒತ್ತು ಬೀಳುವ ಕಡೆ ‘ಬೆ’ ಹೋಗಿ ‘ಬ್ಯೇ’ ಆಗುತ್ತದೆ (ಮೆ ದಿಬ್ಯೇರ್ತೊ), ‘ನಾವು’ ರೂಪದಲ್ಲಿ ಆಗುವುದಿಲ್ಲ (ನೊಸ್ ದಿಬೆರ್ತೀಮೊಸ್). ಭೂತಕಾಲದಲ್ಲಿ ಅವನು, ಅವರು ರೂಪಗಳಲ್ಲಿ ಮಾತ್ರ ‘ಬಿ’: ಸೆ ದಿಬಿರ್ತ್ಯೋ, ಸೆ ದಿಬಿರ್ತ್ಯೇರೊನ್.

ದಿಸ್ಫ್ರುತಾರ್ ಇನ್ನೂ ನಿಧಾನದ್ದು, ಸವಿಯುವುದು. ಸಂಗೀತ, ನೋಟ, ಪುಸ್ತಕ, ಊಟ, ಯಾರದೋ ಜೊತೆ ಇರುವುದು – ಇಂಥದ್ದಕ್ಕೆ ಒಪ್ಪುತ್ತದೆ. ಏನನ್ನು ಸವಿಯುತ್ತೀರೋ ಅದರ ಮುಂದೆ ‘ದೆ’ ಇಡಿ: ದಿಸ್ಫ್ರೂತೊ ದೆ ಲ ಮೂಸಿಕ. ‘ದೆ’ ಇಲ್ಲದೆಯೂ ಹೇಳುವುದುಂಟು, ಇದ್ದರೆ ಎಲ್ಲೂ ತಪ್ಪಾಗದು. ಕೆಲಸವಾದರೆ ‘ದಿಸ್ಫ್ರೂತೊ ಲೆಯೇಂದೊ’ – ಓದುತ್ತಾ ಸುಖಪಡುತ್ತೇನೆ. ಇದಕ್ಕೆ ‘ಮೆ’ ಹಚ್ಚಿ ‘ಮೆ ದಿಸ್ಫ್ರುತೇ’ ಎನ್ನುವುದು ಇಂಗ್ಲಿಷಿನಿಂದ ಬರುವ ಇನ್ನೊಂದು ತಪ್ಪು. ‘ಮೆ’ ಬೇಕಿರುವುದು ದಿಬೆರ್ತೀರ್ಸೆಗೆ, ದಿಸ್ಫ್ರುತಾರ್‌ಗೆ ಬೇಡ.

ಪ್ರಶ್ನೆ: ಸ್ಪ್ಯಾನಿಷ್‌ನಲ್ಲಿ ಒತ್ತು ಅಷ್ಟು ಮುಖ್ಯವೇ? ನಾನು ‘ಮೆ ಗೂಸ್ತೊ’ ಎಂದೆ, ಸಹಪಾಠಿ ‘ಮೆ ಗುಸ್ತೋ’ ಎನ್ನಬೇಕು ಎಂದು ಪಟ್ಟುಹಿಡಿದ. – ಪದವಿ ವಿದ್ಯಾರ್ಥಿ, ಮಂಗಳೂರು

ಸಹಪಾಠಿ ಹೇಳಿದ್ದು ಸರಿ. ‘ಗುಸ್ತೋ’ ಎಂದರೆ ಹಿಡಿಸಿತು. ‘ಗೂಸ್ತೊ’ ನಾಮಪದ: ಅಭಿರುಚಿ, ಸಂತೋಷ. ಹೊಸಬರ ಪರಿಚಯವಾದಾಗ ಹೇಳುವ ‘ಮೂಚೊ ಗೂಸ್ತೊ’ದಲ್ಲಿರುವುದು ಅದೇ. ಹಾಗೆಯೇ ‘ದಿಸ್ಫ್ರೂತೊ’ ಎಂದರೆ ನಾನು ಸವಿಯುತ್ತೇನೆ, ‘ದಿಸ್ಫ್ರುತೋ’ ಎಂದರೆ ಅವನು ಸವಿದ. ಒತ್ತು ಜರುಗಿದರೆ ಕಾಲವೂ ಜರುಗುತ್ತದೆ, ಕರ್ತೃವೂ ಬದಲಾಗುತ್ತಾನೆ. ರೋಮನ್ ಲಿಪಿಯಲ್ಲಿ ಬರೆಯುವಾಗ ಕೊನೆಯ ‘ಒ’ ಮೇಲೆ ಓರೆಗೆರೆ ಹಾಕುವುದು ಇದಕ್ಕೇ. ಮೊಬೈಲಿನಲ್ಲಿ ಆ ಅಕ್ಷರವನ್ನು ಒತ್ತಿ ಹಿಡಿದರೆ ಗೆರೆಯಿರುವ ರೂಪ ಸಿಗುತ್ತದೆ. ಹ್ರಸ್ವ, ದೀರ್ಘ ಗುರುತಿಸಲು ಚಿಕ್ಕಂದಿನಿಂದ ಪಳಗಿದ ಕಿವಿ ನಮ್ಮದು, ಅದನ್ನು ಇಲ್ಲಿ ದುಡಿಸಿಕೊಳ್ಳಿ.

ಕಾಲದ ವಿಷಯ ಬಂದಿದ್ದರಿಂದ ಇದನ್ನೂ ಸೇರಿಸಿ ಹೇಳುತ್ತೇವೆ. ಮುಗಿದ ಒಂದು ಸಂದರ್ಭಕ್ಕೆ ‘ಮೆ ಗುಸ್ತೋ’, ಹಿಡಿಸಿತು. ಹಿಂದೆ ಬಹುಕಾಲ ಇದ್ದ ಇಷ್ಟಕ್ಕೆ ‘ಮೆ ಗುಸ್ತಾಬ’, ಹಿಡಿಸುತ್ತಿತ್ತು. ನಿನ್ನೆ ನೋಡಿದ ಸಿನಿಮಾ ಗುಸ್ತೋ, ಚಿಕ್ಕಂದಿನ ಆಟ ಗುಸ್ತಾಬ. ಬಹುವಚನಕ್ಕೆ ಗುಸ್ತಾರೊನ್ (ಹಿಡಿಸಿದವು), ಗುಸ್ತಾಬನ್ (ಹಿಡಿಸುತ್ತಿದ್ದವು). ಸ್ಪೇನ್‌ನ ಹೆಚ್ಚಿನ ಕಡೆ ಇವತ್ತೇ ನಡೆದದ್ದಕ್ಕೆ ‘ಮೆ ಆ ಗುಸ್ತಾದೊ’ ಎನ್ನುತ್ತಾರೆ, ನಮ್ಮ ‘ಹಿಡಿಸಿದೆ’ಗೆ ಹತ್ತಿರ. ‘ಮೆ ಗುಸ್ತರೀಅ’ ಮಾತ್ರ ಬೇರೆ, ಅದು ವಿನಯದ ಬಯಕೆ: ಅಂಗಡಿಯಲ್ಲಿ, ಹೋಟೆಲಿನಲ್ಲಿ ಏನಾದರೂ ಬೇಕಿತ್ತು ಎನ್ನಲು.

ಪ್ರಶ್ನೆ: ಮಗಳು ಮೆಕ್ಸಿಕೋದಲ್ಲಿ ಕೆಲಸದಲ್ಲಿದ್ದಾಳೆ. ಮುಂದಿನ ತಿಂಗಳು ನಾನೂ ನಮ್ಮ ಮನೆಯವರೂ ಹೋಗುತ್ತಿದ್ದೇವೆ. ಅವಳ ಸ್ನೇಹಿತರ ಮನೆಗಳಲ್ಲಿ ಊಟಕ್ಕೆ ಕರೆದಿದ್ದಾರಂತೆ. ನಾವು ಸಸ್ಯಾಹಾರಿಗಳು. ಊಟದ ಹೊತ್ತಿಗೆ ಬೇಕಾಗುವ ಮಾತುಗಳನ್ನು ತಿಳಿಸಿ. – ಗೃಹಿಣಿ, ಮೈಸೂರು

ಎಲ್ಲರೂ ಕುಳಿತು ಉಣ್ಣಲು ಶುರುಮಾಡುವಾಗ ‘ಬ್ವೇನ್ ಪ್ರೊಬೇಚೊ’ ಎನ್ನುತ್ತಾರೆ. ಉಂಡದ್ದು ಮೈಗೆ ಹತ್ತಲಿ ಎಂಬ ಭಾವ. ಉತ್ತರವಾಗಿ ‘ಗ್ರಾಸ್ಯಸ್’ ಅಥವಾ ‘ಇಗ್ವಲ್ಮೇಂತೆ’ (ನಿಮಗೂ) ಅನ್ನಿ. ಮೆಕ್ಸಿಕೋದ ಹೋಟೆಲುಗಳಲ್ಲಿ ಪರಿಚಯವಿಲ್ಲದವರೂ ನಿಮ್ಮ ಮೇಜಿನ ಪಕ್ಕ ಹಾದುಹೋಗುವಾಗ ಈ ಮಾತು ಹೇಳುತ್ತಾರೆ. ಗಾಬರಿಯಾಗಬೇಡಿ, ನಕ್ಕು ‘ಗ್ರಾಸ್ಯಸ್’ ಎಂದರೆ ಆಯಿತು. ಸ್ಪೇನ್‌ನಲ್ಲಾದರೆ ‘ಕೆ ಅಪ್ರೊಬೇಚೆ’.

ಮೊದಲ ತುತ್ತಿಗೆ ‘ಕೇ ರ್ರೀಕೊ!’ – ಎಷ್ಟು ರುಚಿ! ಪೂರ್ತಿ ವಾಕ್ಯ ಬೇಕೆಂದರೆ ‘ಎಸ್ತಾ ಮುಯ್ ರ್ರೀಕೊ’. ಪದಾರ್ಥದ ಲಿಂಗ, ವಚನಕ್ಕೆ ತಕ್ಕಂತೆ ಇದು ಬದಲಾಗುತ್ತದೆ: ಎಲ್ ಅರ್ರೋಸ್ ಎಸ್ತಾ ರ್ರೀಕೊ (ಅನ್ನ), ಲ ಸೋಪ ಎಸ್ತಾ ರ್ರೀಕ (ಸೂಪು), ಲಸ್ ತೊರ್ತೀಯಸ್ ಎಸ್ತಾನ್ ರ್ರೀಕಸ್ (ಮೆಕ್ಕೆಜೋಳದ ರೊಟ್ಟಿಗಳು). ಬಾಯಲ್ಲಿರುವ ರುಚಿಗೆ ‘ಎಸ್ತಾ’, ‘ಎಸ್’ ಅಲ್ಲ. ವ್ಯಕ್ತಿಯೊಬ್ಬರನ್ನು ‘ಎಸ್ ರ್ರೀಕೊ’ ಎಂದರೆ ಶ್ರೀಮಂತ. ಇನ್ನೊಂದು ಎಚ್ಚರಿಕೆ: ‘ಎಸ್ತಾ ರ್ರೀಕ’, ‘ಎಸ್ತಾ ಬ್ವೇನ’ ಎಂಬ ಮಾತುಗಳನ್ನು ಅಡುಗೆಗೆ ಮಾತ್ರ ಇಟ್ಟುಕೊಳ್ಳಿ. ಅಡುಗೆ ಮಾಡಿದವರನ್ನು ಹೊಗಳುವಾಗ ಬಾಯ್ತಪ್ಪಿ ಹೀಗೆಂದರೆ ಅವರ ಮೈಕಟ್ಟಿನ ಬಗ್ಗೆ ಅಂದಹಾಗಾಗುತ್ತದೆ. ನಮ್ಮ ‘ಬೆರಳು ಚೀಪುವ ಹಾಗಿದೆ’ ಅಲ್ಲೂ ಇದೆ: ಎಸ್ತಾ ಪರ ಚುಪಾರ್ಸೆ ಲೊಸ್ ದೇದೊಸ್. ಇದನ್ನು ಕೇಳಿದರೆ ಮನೆಯವರು ನಿಜಕ್ಕೂ ಸಂತೋಷಪಡುತ್ತಾರೆ.

ಸಸ್ಯಾಹಾರದ ವಿಷಯದಲ್ಲಿ ‘ನೋ ಮೆ ಗೂಸ್ತ’ ಬಳಸಲೇಬೇಡಿ. ಬಡಿಸಿದ ಅಡುಗೆ ಹಿಡಿಸಲಿಲ್ಲ ಎಂದಂತಾಗುತ್ತದೆ. ಬದಲಿಗೆ ತಿನ್ನುವುದಿಲ್ಲ ಎನ್ನಿ: ನೋ ಕೋಮೊ ಕಾರ್ನೆ ನಿ ಪೆಸ್ಕಾದೊ ನಿ ವೇಬೊ (ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ). ಇದನ್ನು ಮಗಳ ಮೂಲಕ ಮೊದಲೇ ತಿಳಿಸಿದರೆ ಇನ್ನೂ ಒಳ್ಳೆಯದು. ರಾಜ್ಮಾ ಜಾತಿಯ ಕಾಳನ್ನು ಬೇಯಿಸಿ, ಮಸೆದು, ಬಾಡಿಸಿದ ಪಲ್ಯ ನೋಡಲು ಅಪ್ಪಟ ಸಸ್ಯಾಹಾರ. ಅದನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸುವ ರೂಢಿಯಿದೆ. ‘ಯೇಬ ಮಂತೇಕ?’ (ಮಂತೇಕ ಹಾಕಿದೆಯೇ?) ಎಂದು ಕೇಳಿ. ಮೆಕ್ಸಿಕೋದಲ್ಲಿ ಮಂತೇಕ ಎಂದರೆ ಕೊಬ್ಬು, ಬೆಣ್ಣೆಗೆ ‘ಮಂತೆಕೀಯ’. ಅರ್ಜೆಂಟೀನಾದಲ್ಲಾದರೆ ಮಂತೇಕ ಎಂದರೇ ಬೆಣ್ಣೆ, ಹಾಗಾಗಿ ಅಲ್ಲಿಯ ಪಾಠಗಳನ್ನು ನೋಡಿ ಕಲಿತವರು ಗೊಂದಲಕ್ಕೆ ಬೀಳುತ್ತಾರೆ.

ಇನ್ನೂ ಸ್ವಲ್ಪ ಬೇಕಾದರೆ ‘ಉನ್ ಪೊಕೀತೊ ಮಾಸ್, ಪೊರ್ ಫಬೋರ್’. ಸಾಕಾದರೆ ನೀವು ‘ಎಸ್ತೋಯ್ ಸತಿಸ್ಫೇಚ, ಗ್ರಾಸ್ಯಸ್’, ನಿಮ್ಮ ಮನೆಯವರು ‘ಸತಿಸ್ಫೇಚೊ’. ಉಂಡು ಕೈತೊಳೆದ ತಕ್ಷಣ ಏಳುವ ಆತುರ ಬೇಡ. ತಟ್ಟೆಗಳು ಖಾಲಿಯಾದ ಮೇಲೂ ಮೇಜಿನ ಸುತ್ತ ಕುಳಿತು ಹರಟುವುದಕ್ಕೆ ‘ಸೊಬ್ರೆಮೇಸ’ ಎಂಬ ಹೆಸರೇ ಇದೆ, ಅದೂ ಊಟದ ಭಾಗ. ಹೊರಡುವಾಗ ‘ಮೆ ಎಂಕಂತೋ ಲ ಕೊಮೀದ’ ಎನ್ನಿ: ಊಟ ತುಂಬ ತುಂಬ ಹಿಡಿಸಿತು.

ಪ್ರಶ್ನೆ: ಸ್ಪೇನ್‌ಗೆ ಓದಲು ಹೋಗುತ್ತಿದ್ದೇನೆ. ‘ತುಂಬ ಎಕ್ಸೈಟ್ ಆಗಿದ್ದೇನೆ’ ಎನ್ನಲು ‘ಎಸ್ತೋಯ್ ಎಕ್ಸಿತಾದ’ ಸರಿಯೇ? – ವಿದ್ಯಾರ್ಥಿನಿ, ಶಿವಮೊಗ್ಗ

ಬೇಡ, ಆ ಪದ ಕಾಮೋದ್ರೇಕದ ಅರ್ಥ ಕೊಡುತ್ತದೆ. ‘ಎಸ್ತೋಯ್ ಎಮೊಸ್ಯೊನಾದ’ ಎನ್ನಬಹುದು. ಸ್ಪೇನ್‌ನಲ್ಲಿ ಇನ್ನೂ ಸಹಜವಾದ ಮಾತು ‘ಮೆ ಆಸೆ ಮೂಚ ಇಲುಸ್ಯೋನ್’. ಇಲ್ಲಿನ ‘ಆಸೆ’ ಮಾಡುತ್ತದೆ ಎಂಬರ್ಥದ ಕ್ರಿಯಾಪದ, ನಮ್ಮ ಆಸೆಗೂ ಅದಕ್ಕೂ ನಂಟಿಲ್ಲ. ಆದರೂ ನೆನಪಿಡಲು ಅನುಕೂಲ. ಬರವಣಿಗೆಯಲ್ಲಿ ಮೊದಲು ‘ಎಚ್’ ಇದೆ, ಉಚ್ಚರಿಸುವುದಿಲ್ಲ. ಸ್ಪೇನ್‌ನ ಬಹುಭಾಗದಲ್ಲಿ ಈ ‘ಸೆ’ಯನ್ನು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಹೇಳುತ್ತಾರೆ.

ಎದುರುನೋಡುತ್ತಿರುವ ಕೆಲಸಕ್ಕೆ ‘ತೇಂಗೊ ಮೂಚಸ್ ಗಾನಸ್ ದೆ’ ಎಂದು ಮುಂದೆ ಕ್ರಿಯಾಪದ ಸೇರಿಸಿ: ತೇಂಗೊ ಮೂಚಸ್ ಗಾನಸ್ ದೆ ಬ್ಯಹಾರ್ – ಪ್ರಯಾಣ ಹೋಗಲು ಮನಸ್ಸು ತುಡಿಯುತ್ತಿದೆ. ಕಾಫಿ ಕುಡಿಯೋಣ ಅನ್ನಿಸಿದಾಗ ಸ್ಪೇನ್‌ನಲ್ಲಿ ‘ಮೆ ಅಪೆತೇಸೆ ಉನ್ ಕಫೇ’, ಮೆಕ್ಸಿಕೋದಲ್ಲಿ ‘ಸೆ ಮೆ ಅಂತೋಹ’, ಪೆರು, ಕೊಲಂಬಿಯಾ, ವೆನೆಜುವೆಲಾಗಳಲ್ಲಿ ‘ಮೆ ಪ್ರೊಬೋಕ’. ಮೂರೂ ‘ನನಗೆ ಕಾಫಿ ಬೇಕನ್ನಿಸುತ್ತಿದೆ’ ಎಂಬ ಅದೇ ಕಟ್ಟು.

ಬೇಜಾರಿನ ವಿಷಯದಲ್ಲೂ ಜಾಗ್ರತೆ. ‘ಎಸ್ತೋಯ್ ಅಬುರ್ರೀದ’ ಎಂದರೆ ನನಗೆ ಬೇಜಾರಾಗಿದೆ. ‘ಸೋಯ್ ಅಬುರ್ರೀದ’ ಎಂದರೆ ನಾನೇ ಬೇಜಾರು ಹಿಡಿಸುವ ಮನುಷ್ಯಳು! ಮತ್ತೊಬ್ಬರ ಒಳ್ಳೆಯ ಸುದ್ದಿ ಕೇಳಿದಾಗ ‘ಮೆ ಅಲೇಗ್ರೊ ಮೂಚೊ’ – ತುಂಬ ಖುಷಿಯಾಯಿತು.

ಪ್ರಶ್ನೆ: ಸಹೋದ್ಯೋಗಿಯೊಬ್ಬರು ಒಳ್ಳೆಯವರು, ಇಷ್ಟವಾಗುತ್ತಾರೆ ಎಂದು ಅವರಿಗೇ ಹೇಳಬೇಕಿದೆ. ‘ಮೆ ಗೂಸ್ತಸ್’ ಎನ್ನಬಹುದೇ? – ಪುಣೆಯಲ್ಲಿರುವ ಕನ್ನಡಿಗರು

ಅನ್ನಬೇಡಿ, ಅದು ಪ್ರೇಮನಿವೇದನೆಯಾಗುತ್ತದೆ. ‘ಮೆ ಕಾಯೆಸ್ ಬ್ಯೇನ್’ ಎನ್ನಿ. ಪದಶಃ ‘ನೀನು ನನಗೆ ಚೆನ್ನಾಗಿ ಬೀಳುತ್ತೀಯ’, ಭಾವ ‘ನಿನ್ನ ಸ್ವಭಾವ ನನಗೆ ಹಿಡಿಸಿದೆ’. ಮೂರನೆಯವರ ಬಗ್ಗೆ ‘ಮೆ ಕಾಯೆ ಬ್ಯೇನ್’. ಕಲಾವಿದರ ಹಾಡು, ಆಟಗಾರರ ಆಟ ಇಷ್ಟ ಎನ್ನಲು ‘ಮೆ ಗೂಸ್ತ’ಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮ ‘ಸಖತ್’ಗೆ ಸ್ಪ್ಯಾನಿಷ್‌ನಲ್ಲಿ ಏನು? ಒಂದೊಂದು ವಿಡಿಯೊದಲ್ಲಿ ಒಂದೊಂದು ಪದ ಕೇಳುತ್ತೇನೆ. – ತುಮಕೂರಿನ ಓದುಗರು

ದೇಶ ಬದಲಾದರೆ ಪದ ಬದಲಾಗುತ್ತದೆ. ಸ್ಪೇನ್‌ನಲ್ಲಿ ‘ಗ್ವಾಯ್’ ಮತ್ತು ‘ಮೋಲ’. ಈ ‘ಮೋಲ’ ನಮ್ಮ ‘ಹಿಡಿಸು’ ಸಾಲಿಗೇ ಸೇರಿದ್ದು: ಮೆ ಮೋಲ, ಮೆ ಮೋಲನ್. ಮೆಕ್ಸಿಕೋದಲ್ಲಿ ‘ಕೇ ಪಾದ್ರೆ!’, ‘ಎಸ್ತಾ ಚೀದೊ’. ಪಾದ್ರೆ ಎಂದರೆ ಅಪ್ಪ. ಪೋರ್ಚುಗೀಸರ ‘ಪಾದ್ರೆ’ಯೇ ಕನ್ನಡದಲ್ಲಿ ‘ಪಾದ್ರಿ’ ಆದದ್ದು, ಹಾಗಾಗಿ ಪದ ನಮಗೆ ಹಳೆಯ ಪರಿಚಯ. ಅದೇ ಪದವನ್ನು ಸ್ಪೇನ್‌ನಲ್ಲಿ ಹೊಗಳಿಕೆಯಾಗಿ ಬಳಸಿದರೆ ಮೆಕ್ಸಿಕೋದ ಮಾತು ಎಂದು ತಕ್ಷಣ ಗೊತ್ತಾಗುತ್ತದೆ. ಕೊಲಂಬಿಯಾದಲ್ಲಿ ‘ಬಕಾನೊ’, ಚಿಲಿಯಲ್ಲಿ ‘ಬಕಾನ್’, ಅರ್ಜೆಂಟೀನಾದಲ್ಲಿ ‘ಕೊಪಾದೊ’. ‘ಚೇಬೆರೆ’ ಕೊಲಂಬಿಯಾ, ವೆನೆಜುವೆಲಾ, ಪೆರು, ಈಕ್ವೆಡಾರ್‌ಗಳಲ್ಲೆಲ್ಲ ನಡೆಯುತ್ತದೆ. ಕೋಸ್ಟರಿಕಾದವರಿಗೆ ‘ಪೂರ ಬೀದ’ ಒಂದೇ ಸಾಕು, ನಮಸ್ಕಾರಕ್ಕೂ ಧನ್ಯವಾದಕ್ಕೂ ‘ಎಲ್ಲ ಚೆನ್ನಾಗಿದೆ’ಗೂ ಅದೇ. ಮೆಕ್ಸಿಕೋದ ‘ತೆ ಲಾತೆ?’ ನಮಗೆ ಬಹಳ ಹಿಡಿಸುವ ಮಾತು: ಮೂಲ ಕ್ರಿಯಾಪದಕ್ಕೆ ಹೃದಯ ಮಿಡಿಯುವುದು ಎಂಬರ್ಥ, ಬಳಕೆಯಲ್ಲಿ ‘ನಿನಗೆ ಒಪ್ಪಿಗೆಯೇ?’.

ಕಲಿಯುವ ಹಂತದಲ್ಲಿ ಇವೆಲ್ಲ ಕೇಳಿ ಅರ್ಥವಾದರೆ ಸಾಕು. ನಿಮ್ಮ ಬಾಯಿಗೆ ‘ಹೆನ್ಯಾಲ್’, ‘ಬ್ವೆನೀಸಿಮೊ’, ‘ಕೇ ಬ್ಯೇನ್!’ ಇರಲಿ. ಇವು ಎಲ್ಲ ದೇಶದಲ್ಲೂ ಸಲ್ಲುತ್ತವೆ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಶಿಕ್ಷಕರಿಲ್ಲದೆ ಮನೆಯಲ್ಲೇ ಕಲಿಯುತ್ತಿದ್ದೇನೆ. ಓದಿದರೆ ಅರ್ಥವಾಗುತ್ತದೆ, ಮಾತಾಡಲು ಹೋದರೆ ಬರುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಕೊಡಬಲ್ಲೆ. – ಧಾರವಾಡ

ಅರ್ಧ ಗಂಟೆಯಲ್ಲಿ ಮೊದಲ ಹತ್ತು ನಿಮಿಷ ಚೀಟಿಗಳಿಗೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ರೋಮನ್ ಲಿಪಿಯಲ್ಲಿ ಸ್ಪ್ಯಾನಿಷ್, ಒತ್ತಿನ ಗೆರೆ ಸಮೇತ. ಇಂಗ್ಲಿಷ್ ಬೇಡ. ಬಿಡಿ ಪದ ಬರೆಯದೆ ನಾಲ್ಕರಿಂದ ಆರು ಪದಗಳ ಪೂರ್ತಿ ವಾಕ್ಯ ಬರೆಯಿರಿ. ‘ಎಲ್’, ‘ಲ’ಗಳು ಅಂಟಿಕೊಂಡೇ ನೆನಪಾಗುವುದು ಆಗ ಮಾತ್ರ. ದಿನಕ್ಕೆ ಐದು ಹೊಸ ಚೀಟಿ. ಪ್ರತಿ ಚೀಟಿಯನ್ನೂ ಮರುದಿನ, ಮೂರನೆಯ ದಿನ, ಏಳನೆಯ ದಿನ, ಹದಿನೈದನೆಯ ದಿನ ತಿರುಗಿ ನೋಡಿ. ಯಾವಾಗಲೂ ಕನ್ನಡದ ಬದಿ ನೋಡಿ ಸ್ಪ್ಯಾನಿಷ್ ಹೇಳಬೇಕು. ನೀವು ಈಗ ಮಾಡುತ್ತಿರುವುದು ಬಹುಶಃ ಇದರ ಉಲ್ಟಾ, ಅದಕ್ಕೇ ಓದು ಬಂದು ಮಾತು ಬಂದಿಲ್ಲ.

ನಂತರದ ಹತ್ತು ನಿಮಿಷ ಒಂದು ಹಾಳೆಗೆ. ಎಡಗಡೆ ಮೆ, ತೆ, ಲೆ, ನೊಸ್, ಲೆಸ್ ಐದನ್ನು ಬರೆಯಿರಿ. ಬಲಗಡೆ ನಿಮಗೆ ಬೇಕಾದ ಹನ್ನೆರಡು: ನಾಲ್ಕು ಏಕವಚನದ ವಸ್ತು, ನಾಲ್ಕು ಬಹುವಚನದ್ದು, ನಾಲ್ಕು ಕ್ರಿಯಾಪದ. ಐದನ್ನು ಹನ್ನೆರಡರ ಜೊತೆ ಕೂಡಿಸಿದರೆ ಅರವತ್ತು ವಾಕ್ಯ. ಗಟ್ಟಿಯಾಗಿ ಹೇಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಕೇಳುವಾಗ ಒಂದೇ ಒಂದನ್ನು ಗಮನಿಸಿ: ಬಹುವಚನದ ನಾಲ್ಕಕ್ಕೂ ‘ಗೂಸ್ತನ್’ನ ‘ನ್’ ಬಂದಿದೆಯೇ? ಒಂದು ವಾರ ಅದು ತಪ್ಪದೆ ಬಂದರೆ ‘ಗುಸ್ತೋ, ಗುಸ್ತಾರೊನ್’ಗೆ ದಾಟಿ, ಆಮೇಲೆ ‘ನೋ’ ಸೇರಿಸಿ.

ಉಳಿದ ಹತ್ತು ನಿಮಿಷದಲ್ಲಿ ಆ ದಿನ ಹಿಡಿಸಿದ್ದು, ಹಿಡಿಸದ್ದು ಮೂರು ಮೂರು ಬರೆಯಿರಿ. ಪದ ಸಿಗದಿದ್ದರೆ ಸ್ಪೇನ್‌ನ ರ್ರೆಆಲ್ ಅಕದೇಮ್ಯ ಎಸ್ಪನ್ಯೋಲ ಸಂಸ್ಥೆಯ ನಿಘಂಟು ಅಂತರಜಾಲದಲ್ಲಿ ಉಚಿತವಾಗಿದೆ. 1713ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ನಿಘಂಟು ಯಾವ ಪದ ಯಾವ ದೇಶದಲ್ಲಿ ಬಳಕೆ ಎಂಬುದನ್ನೂ ಗುರುತಿಸುತ್ತದೆ. ಮುಂದೆ ಪರೀಕ್ಷೆ ಕಟ್ಟುವ ಮನಸ್ಸಾದರೆ ‘ದೇಲೆ’ ಎಂಬ ಅಧಿಕೃತ ಪರೀಕ್ಷೆಯಿದೆ, ಎ1ರಿಂದ ಸಿ2ರವರೆಗೆ ಆರು ಹಂತ. ನಡೆಸುವುದು ಇನ್ಸ್ತಿತೂತೊ ಸೆರ್ಬಾಂತೆಸ್, ಅದರ ಕೇಂದ್ರವೊಂದು ನವದೆಹಲಿಯಲ್ಲಿದೆ. ಆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಮೊದಲ ಹಂತದಲ್ಲೂ ಮಾತಾಡುವ ಭಾಗ ಇದೆ, ನಿಮ್ಮ ಅರವತ್ತು ವಾಕ್ಯಗಳ ಹಾಳೆ ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.